‘ಫಾರ್ಮರ್’ ರೈತನನ್ನು ಪೀಡಿಸುವುದು ಹೇಗೆ? ಹಳೆಯ ಪತ್ರವೊಂದರ ಪದದ ಬಗ್ಗೆ

ಪ್ರಶ್ನೆ: ಹಳೆಕಡತ

ಮಾನ್ಯರೇ,

ಕಂಪನಿ ಸರ್ಕಾರದ ಕಾಲದಲ್ಲಿ ಬಂಗಾಳದ ಕಂದಾಯದ ವಿಚಾರವಾಗಿ ಬರೆದ ಕೆಲವು ಇಂಗ್ಲಿಷ್ ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಕೆಲವು ತಿಂಗಳಿಂದ ತೊಡಗಿದ್ದೇನೆ. ಆ ಕಾಲದ ಉದ್ದುದ್ದದ ವಾಕ್ಯಗಳು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡುತ್ತಿರುವುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಒಂದು ಪದ: ‘ಫಾರ್ಮರ್’. 1770ರ ದಶಕದ ಒಂದು ಪತ್ರದಲ್ಲಿ, ಆ ಜಿಲ್ಲೆಯ ಫಾರ್ಮರನು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ಹಣವನ್ನು ರಯತರಿಂದ ವಸೂಲು ಮಾಡುತ್ತಿದ್ದಾನೆಂದೂ ಅದನ್ನು ತಾಳಲಾರದೆ ಜನ ಊರು ಬಿಡುತ್ತಿದ್ದಾರೆಂದೂ ದೂರು ಇದೆ. ಮೊದಲ ಕರಡಿನಲ್ಲಿ ನಾನು ಹೆಚ್ಚು ಯೋಚಿಸದೆ ‘ರೈತನು ರೈತರನ್ನು ಪೀಡಿಸುತ್ತಿದ್ದಾನೆ’ ಎಂದು ಬರೆದಿದ್ದೆ. ಮರುದಿನ ಓದಿದಾಗ ನನಗೇ ನಗು ಬಂತು. ‘ದೊಡ್ಡ ರೈತನು ಸಣ್ಣ ರೈತರನ್ನು’ ಎಂದು ತಿದ್ದಿ ನೋಡಿದೆ. ಆದರೆ ಅದೇ ಪತ್ರದ ಮುಂದಿನ ಪುಟದಲ್ಲಿ ಈ ಫಾರ್ಮರನು ಕಲ್ಕತ್ತೆಯಲ್ಲಿ ವಾಸವಾಗಿದ್ದಾನೆಂಬ ಮಾತು ಬರುವುದರಿಂದ ಆ ತಿದ್ದುಪಡಿಯೂ ನಿಲ್ಲುವುದಿಲ್ಲ.

ಆ ಕಾಲದಲ್ಲಿ ಈ ಪದಕ್ಕೆ ಯಾವ ಅರ್ಥವಿತ್ತು, ಅದು ಮುಂದೆ ಉಳುವವನ ಹೆಸರಾದದ್ದು ಹೇಗೆ, ಮತ್ತು ಇಂಥ ಕಡೆ ಕನ್ನಡದಲ್ಲಿ ಯಾವ ಪದವನ್ನು ಬಳಸಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ: ಶಬ್ದಮೂಲ

ನಿಮ್ಮ ಪತ್ರದ ಫಾರ್ಮರನು ನೇಗಿಲನ್ನು ಮುಟ್ಟಿದವನೇ ಅಲ್ಲ. ಒಂದು ಪ್ರದೇಶದ ಕಂದಾಯವನ್ನು ಎತ್ತುವ ಹಕ್ಕನ್ನು, ಸರ್ಕಾರಕ್ಕೆ ಇಂತಿಷ್ಟು ಕೊಡುತ್ತೇನೆಂದು ಒಪ್ಪಿಕೊಂಡು, ಇಷ್ಟು ವರ್ಷದ ಮಟ್ಟಿಗೆ ಹಿಡಿದವನು ಅವನು. ಇಲ್ಲಿ ಹಳೆಯದು ಈ ಅರ್ಥವೇ. ಉಳುವವನೆಂಬುದು ಆಮೇಲೆ ಬಂದದ್ದು.

ಲ್ಯಾಟಿನ್ನಿನಲ್ಲಿ ‘ಫಿರ್ಮುಸ್’ ಎಂದರೆ ಗಟ್ಟಿಯಾದದ್ದು, ‘ಫಿರ್ಮಾರೆ’ ಎಂದರೆ ಗಟ್ಟಿಮಾಡುವುದು, ಖಾಯಂ ಮಾಡುವುದು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಇದರಿಂದ ‘ಫಿರ್ಮ’ ಎಂಬ ನಾಮಪದ ಹುಟ್ಟಿ, ಏರಿಳಿತವಿಲ್ಲದೆ ಖಾಯಂ ಮಾಡಿದ ಪಾವತಿ ಎಂಬ ಅರ್ಥ ಪಡೆಯಿತು. ಅದು ಫ್ರೆಂಚಿನಲ್ಲಿ ‘ಫೆರ್ಮ್’ ಆಗಿ, 1300ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಇಳಿದಾಗಲೂ ಅದರ ಅರ್ಥ ಹೊಲವಲ್ಲ, ಬಾಡಿಗೆ. ವ್ಯಾಪಾರದ ‘ಫರ್ಮ್’ ಕೂಡ ಇದೇ ಬೇರಿನದು. ಇಟಾಲಿಯನ್ನಿನಲ್ಲಿ ‘ಫಿರ್ಮ’ ಎಂದರೆ ಇಂದಿಗೂ ಸಹಿ. ಸಹಿ ಹಾಕಿದರೆ ಮಾತು ಗಟ್ಟಿಯಾಯಿತು ಎಂಬ ಭಾವ. ಹಳೆಯ ಇಂಗ್ಲಿಷಿನಲ್ಲಿ ಆಹಾರಸಾಮಗ್ರಿ, ಔತಣ ಎಂಬ ಅರ್ಥದ ‘ಫೆಯೊರ್ಮ್’ ಎಂಬ ಬೇರೊಂದು ಪದವೂ ಇತ್ತು. ಇಂಗ್ಲೆಂಡಿನ ಭೂಮಿಕಾಣಿಗಳನ್ನು ದಾಖಲಿಸಿದ 1086ರ ಡೂಮ್ಸ್‌ಡೇ ಸಮೀಕ್ಷೆಯಲ್ಲಿ ಕೆಲವು ಅರಸುಭೂಮಿಗಳು ‘ಒಂದು ರಾತ್ರಿಯ ಫಿರ್ಮ’ ಕೊಡಬೇಕು ಎಂಬ ಮಾತು ಬರುತ್ತದೆ. ರಾಜನೂ ಅವನ ಪರಿವಾರವೂ ಒಂದು ರಾತ್ರಿ ಉಂಡು ತಂಗುವಷ್ಟು ಸಾಮಗ್ರಿ ಎಂದು ಅದರ ತಾತ್ಪರ್ಯ. ಈ ಎರಡು ಪದಗಳು ಎಲ್ಲಿ, ಎಷ್ಟರಮಟ್ಟಿಗೆ ಬೆರೆತವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಎರಡೂ ಕಡೆ ಕಾಣುವುದು ಕೆಳಗಿನವನು ಮೇಲಿನವನಿಗೆ ಒಪ್ಪಿಸಬೇಕಾದ ನಿಗದಿತ ಬಾಬ್ತೇ.

ನಾರ್ಮನ್ ಕಾಲದ ಇಂಗ್ಲೆಂಡಿನಲ್ಲಿ ಕೌಂಟಿಯ ಅಧಿಕಾರಿಯಾದ ಶೆರಿಫನು ‘ಕೌಂಟಿಯ ಫಾರ್ಮ್’ ಎಂಬ ಗೊತ್ತಾದ ಮೊತ್ತವನ್ನು ರಾಜನ ಖಜಾನೆಗೆ ಕಟ್ಟಬೇಕಿತ್ತು. ಹೆಚ್ಚು ಬಂದರೆ ಅವನ ಲಾಭ, ಕಡಿಮೆಯಾದರೆ ಅವನ ಕೈಯಿಂದ. ಫಾರ್ಮಿನ ಸ್ವಭಾವವೆಲ್ಲ ಈ ಒಂದು ಏರ್ಪಾಟಿನಲ್ಲಿದೆ: ಮೇಲಿನವನಿಗೆ ನಿಶ್ಚಿಂತೆ, ಮಧ್ಯದವನಿಗೆ ಜೂಜು, ಕೆಳಗಿನವನಿಗೆ ಹಿಂಸೆ. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ‘ಫಾರ್ಮರ್’ ಎಂದರೆ ಹೀಗೆ ತೆರಿಗೆಯನ್ನೋ ಸುಂಕವನ್ನೋ ವಹಿಸಿಕೊಂಡವನು.

ಫ್ರಾನ್ಸಿನಲ್ಲಿ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ‘ಫೆರ್ಮ್ ಜೆನೆರಾಲ್’ ಎಂಬ ಹಣವಂತರ ಕೂಟವು ಉಪ್ಪಿನ ತೆರಿಗೆ, ಹೊಗೆಸೊಪ್ಪು, ಒಳನಾಡಿನ ಸುಂಕ ಮುಂತಾದವನ್ನು ದೊರೆಯಿಂದ ಗುತ್ತಿಗೆ ಹಿಡಿದಿತ್ತು. ನಮ್ಮ ಪ್ರೌಢಶಾಲೆಯ ರಸಾಯನಶಾಸ್ತ್ರದ ಪಾಠದಲ್ಲಿ ಬರುವ ಲವಾಸಿಯೇ 1768ರಲ್ಲಿ ಅದರ ಪಾಲು ಕೊಂಡವನು. ಪ್ಯಾರಿಸ್ಸಿಗೆ ಬರುವ ಸರಕು ಸುಂಕ ತಪ್ಪಿಸದಂತೆ ಊರಿನ ಸುತ್ತ ಎಬ್ಬಿಸಿದ ಗೋಡೆಗೆ ಈ ಕೂಟದ ಹೆಸರೇ ಅಂಟಿಕೊಂಡಿತು. 1794ರ ಮೇ 8ರಂದು ಲವಾಸಿಯೇ ಸೇರಿ 28 ಮಂದಿ ಒಂದೇ ದಿನ ಗಿಲೊಟಿನ್ನಿಗೆ ತಲೆಕೊಟ್ಟದ್ದು ವಿಜ್ಞಾನದ ಕಾರಣಕ್ಕಲ್ಲ, ಫಾರ್ಮರುಗಳಾಗಿದ್ದ ಕಾರಣಕ್ಕೆ. ಅವನನ್ನು ಕನ್ನಡದಲ್ಲಿ ‘ಪ್ರಧಾನ ರೈತ’ ಎಂದು ಯಾರೂ ಬರೆದಿರಲಾರರು ಎಂದು ನಂಬಿದ್ದೇನೆ.

ಬಂಗಾಳದ ಮಾತಿಗೆ ಬಂದರೆ, 1765ರಲ್ಲಿ ಕಂಪನಿಗೆ ದಿವಾನಿ, ಅಂದರೆ ಕಂದಾಯ ಎತ್ತುವ ಅಧಿಕಾರ, ಸಿಕ್ಕಿತು, 1770ರಲ್ಲಿ ಭೀಕರ ಕ್ಷಾಮ ಬಂತು, 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಕಂದಾಯವನ್ನು ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಐದು ವರ್ಷದ ಅವಧಿಗೆ ಕೊಟ್ಟನು. ನಿಮ್ಮ ಪತ್ರದ ಫಾರ್ಮರು ಆ ಹರಾಜಿನಲ್ಲಿ ಹಿಡಿದವನಾಗಿರಬೇಕು. ಅವನು ಕಲ್ಕತ್ತೆಯಲ್ಲಿ ಕುಳಿತಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಉತ್ತರ: ಕಮತದವರು

ಶಬ್ದಮೂಲರ ವಿವರಣೆ ಸರಿಯಾಗಿದೆ. ತೆರಿಗೆಯವನ ಹೆಸರು ಉಳುವವನಿಗೆ ದಾಟಿದ್ದು ಹೇಗೆಂಬ ಎರಡನೆಯ ಪ್ರಶ್ನೆಗೆ ನಮ್ಮ ಧಾರವಾಡದ ಕಡೆಯ ಒಂದು ಪದವನ್ನು ಇಟ್ಟುಕೊಂಡು ಉತ್ತರಿಸುತ್ತೇನೆ.

ಒಡೆಯನು ತಾನೇ ಆಳುಗಳನ್ನಿಟ್ಟು, ತನ್ನ ಎತ್ತುಗಳಿಂದ ಮಾಡಿಸುವ ಬೇಸಾಯಕ್ಕೆ ನಮ್ಮಲ್ಲಿ ‘ಕಮತ’ ಎನ್ನುತ್ತಾರೆ. ಅದೇ ಹೊಲವನ್ನು ಇನ್ನೊಬ್ಬನಿಗೆ ಇಂತಿಷ್ಟು ಹಣಕ್ಕೆ ಬಿಟ್ಟುಕೊಟ್ಟರೆ ‘ಲಾವಣಿ’, ಬೆಳೆಯಲ್ಲಿ ಪಾಲಿನ ಕರಾರಿನ ಮೇಲೆ ಕೊಟ್ಟರೆ ‘ಕೋರು’. ಮಧ್ಯಯುಗದ ಇಂಗ್ಲೆಂಡಿನಲ್ಲಿಯೂ ಮ್ಯಾನರಿನ ಒಡೆಯನು ತನ್ನ ಖಾಸಾ ಭೂಮಿಯನ್ನು ಊರಿನ ಜನರ ಬಿಟ್ಟಿದುಡಿಮೆಯಿಂದ ಸಾಗುವಳಿ ಮಾಡಿಸುತ್ತಿದ್ದನು; ಅದು ಅವನ ಕಮತ. 1348–49ರ ಮಹಾಮಾರಿಯಲ್ಲಿ ಜನ ಅಪಾರವಾಗಿ ಸತ್ತ ಮೇಲೆ ಕೂಲಿ ಏರಿತು, ಬಿಟ್ಟಿದುಡಿಮೆಗೆ ಜನ ಬಗ್ಗಲಿಲ್ಲ, ಕಮತ ನಡೆಸುವುದು ನಷ್ಟದ ಬಾಬ್ತಾಯಿತು. ಮುಂದಿನ ನೂರು ವರ್ಷಗಳಲ್ಲಿ ಒಡೆಯರು ಒಬ್ಬೊಬ್ಬರಾಗಿ ಆ ಭೂಮಿಯನ್ನು ಗೊತ್ತಾದ ಬಾಡಿಗೆಗೆ ಬಿಟ್ಟರು. ಬಾಡಿಗೆಯ ಹೆಸರು ಫಾರ್ಮ್ ಆದ್ದರಿಂದ ಬಾಡಿಗೆಗೆ ಹೋದ ಭೂಮಿಯೂ ಫಾರ್ಮ್ ಎನಿಸಿತು. ಅದನ್ನು ಹಿಡಿದವನು, ಅಂದರೆ ಹಾರೆ ಗುದ್ದಲಿ ಬಲ್ಲ ಊರಿನ ಅನುಕೂಲಸ್ಥನು, ಫಾರ್ಮರ್ ಎನಿಸಿದನು. ಹದಿನಾರನೆಯ ಶತಮಾನದ ಹೊತ್ತಿಗೆ ಗುತ್ತಿಗೆಯ ನೆನಪು ಮಾಸಿ, ಸ್ವಂತದ್ದಾದರೂ ಸರಿ, ಸಾಗುವಳಿ ನಡೆಯುವ ಭೂಮಿಯೆಲ್ಲ ಫಾರ್ಮ್ ಆಯಿತು. ಉಳು ಎಂಬ ಅರ್ಥದಲ್ಲಿ ಇದನ್ನು ಕ್ರಿಯಾಪದವಾಗಿ ಬಳಸತೊಡಗಿದ್ದು ಹದಿನೆಂಟನೆಯ ಶತಮಾನದ ಆರಂಭಕ್ಕೆ. ಆದ್ದರಿಂದ 1770ರ ದಶಕದ ಬರವಣಿಗೆಯಲ್ಲಿ ಎರಡು ಅರ್ಥವೂ ಜೊತೆಜೊತೆಗೆ ಜೀವಂತವಾಗಿದ್ದವು ಎಂಬುದನ್ನು ಹಳೆಕಡತರು ಗಮನಿಸಬೇಕು. ಅದೇ ಕಡತದಲ್ಲಿ ಇಂಗ್ಲೆಂಡಿನ ವಿಚಾರ ಬಂದರೆ ಅಲ್ಲಿಯ ಫಾರ್ಮರು ನಿಜವಾಗಿಯೂ ಒಕ್ಕಲಿಗನಾಗಿರಬಹುದು.

ಹಾಗಾದರೆ ಅದಕ್ಕೆ ಮೊದಲು ಉಳುವವನನ್ನು ಇಂಗ್ಲಿಷಿನವರು ಏನೆಂದು ಕರೆಯುತ್ತಿದ್ದರು? ‘ಹಸ್ಬಂಡ್‌ಮನ್’ ಎಂದು. ಇಂದು ಗಂಡನೆಂಬ ಅರ್ಥಕ್ಕೆ ಸೀಮಿತವಾದ ‘ಹಸ್ಬಂಡ್’ ನಾರ್ಡಿಕ್ ಮೂಲದ ಪದ; ‘ಹೂಸ್’ ಎಂದರೆ ಮನೆ, ‘ಬೋಂದಿ’ ಎಂದರೆ ನೆಲೆಸಿದವನು, ಅಂದರೆ ಮನೆವಂದಿಗ. ನೆಲೆಸು ಮತ್ತು ಉಳು ಎಂಬ ಎರಡು ಅರ್ಥವೂ ಅಲ್ಲಿ ಒಂದೇ ಬೇರಿನಲ್ಲಿವೆ. ಡಚ್ಚರ ‘ಬೋರ್’, ಇಂಗ್ಲಿಷಿನ ‘ನೇಬರ್’ ಎಂಬುದರ ಉತ್ತರಾರ್ಧ ಇವೆಲ್ಲ ಅದರ ಬಳಗ. ಈಗ ನಮ್ಮ ‘ಒಕ್ಕಲು’ ಪದವನ್ನು ನೋಡಿ. ಹೊಸ ಮನೆಯ ಪ್ರವೇಶಕ್ಕೆ ‘ಮನೆಯೊಕ್ಕಲು’ ಎನ್ನುತ್ತೇವೆ, ನೆಲೆ ತಪ್ಪಿಸುವುದಕ್ಕೆ ‘ಒಕ್ಕಲೆಬ್ಬಿಸು’ ಎನ್ನುತ್ತೇವೆ, ಒಂದು ದೇವಸ್ಥಾನಕ್ಕೆ ನಡೆದುಕೊಳ್ಳುವ ಮನೆತನಗಳನ್ನು ಆ ದೇವರ ಒಕ್ಕಲು ಎನ್ನುತ್ತೇವೆ, ಒಡೆಯನ ಹೊಲ ಮಾಡುವವನು ಅವನ ಒಕ್ಕಲು, ಮಾಡುವ ಕೆಲಸ ಒಕ್ಕಲುತನ. ಮನೆ, ನೆಲೆ, ಗೇಣಿ, ಬೇಸಾಯ ಇವು ನಾಲ್ಕೂ ಒಂದೇ ಪದದೊಳಗೆ ಇವೆ. ತೆನೆ ಬಡಿದು ಕಾಳು ಬಿಡಿಸುವ ‘ಒಕ್ಕು’ ಎಂಬ ಧಾತುವಿನಿಂದ ಒಕ್ಕಲಿಗ ಬಂತೆನ್ನುವವರೂ ಇದ್ದಾರೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಹಸ್ಬಂಡ್ ಮತ್ತು ಒಕ್ಕಲು ಒಂದನ್ನೊಂದು ನೋಡದೆ ಒಂದೇ ದಾರಿಯಲ್ಲಿ ನಡೆದುಬಂದವು ಎಂಬುದು ನನಗೆ ಈ ಚರ್ಚೆಯಲ್ಲೆಲ್ಲ ಹೆಚ್ಚು ರುಚಿಸುವ ಸಂಗತಿ.

ಉತ್ತರ: ಗೇಣಿಚೀಟಿ

ನಾನು ದಕ್ಷಿಣ ಕನ್ನಡದವನು, ವೃತ್ತಿಯಿಂದ ವಕೀಲ. ಮೇಲಿನ ಇಬ್ಬರೂ ಒಂದು ಮುಖ್ಯ ಪದವನ್ನು ಬಿಟ್ಟಿದ್ದಾರೆ.

‘ಗೊತ್ತಾದ, ಬದಲಾಗದ ಪಾವತಿ’ ಎಂಬುದೇ ಫಾರ್ಮಿನ ಹುರುಳಾದರೆ ಅದಕ್ಕೆ ತಕ್ಕ ಕನ್ನಡ ಪದ ನಮ್ಮ ಕರಾವಳಿಯಲ್ಲಿ ಶತಮಾನಗಳಿಂದ ಇದೆ: ‘ಮೂಲಗೇಣಿ’. ಒಡೆಯನು ಒಮ್ಮೆ ಗೊತ್ತುಮಾಡಿದ ಗೇಣಿಯನ್ನು ಮುಂದೆ ಏರಿಸುವಂತಿಲ್ಲ. ಗೇಣಿ ಸಲ್ಲುತ್ತಿರುವವರೆಗೆ ಒಕ್ಕಲನ್ನು ಎಬ್ಬಿಸುವಂತಿಲ್ಲ. ಹಕ್ಕು ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿಯುತ್ತದೆ. ಇದಕ್ಕೆ ಎದುರಾದದ್ದು ಒಡೆಯನ ಇಚ್ಛೆಯಂತೆ ಏರುವ, ಮುರಿಯುವ ‘ಚಾಲಗೇಣಿ’. ಇಂಗ್ಲಿಷ್ ಕಾನೂನಿನಲ್ಲಿ ‘ಫೀ ಫಾರ್ಮ್’ ಎಂಬ ಹಳೆಯ ಹಿಡುವಳಿಯಿದೆ. ಶಾಶ್ವತವಾದ ಹಕ್ಕು, ಶಾಶ್ವತವಾಗಿ ನಿಗದಿಯಾದ ಬಾಡಿಗೆ. ಮೂಲಗೇಣಿಗೆ ಇದಕ್ಕಿಂತ ಹತ್ತಿರದ ನಂಟು ನನಗೆ ಕಂಡಿಲ್ಲ. ಗೇಣಿಯ ಭೂಮಿಯಲ್ಲಿ ಹೆಚ್ಚಿನದು ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಉಳುವವನದ್ದಾಯಿತು. ಆದರೆ ಊರೊಳಗಿನ ಮನೆ ಅಂಗಡಿಗಳ ನಿವೇಶನಗಳಲ್ಲಿ ಮೂಲಗೇಣಿಯ ವ್ಯಾಜ್ಯ ಹಾಗೆಯೇ ಉಳಿದದ್ದರಿಂದ 2011ರಲ್ಲಿ ಅದಕ್ಕೆಂದೇ ಬೇರೆ ಕಾಯ್ದೆ ಮಾಡಬೇಕಾಯಿತು. ಅಜ್ಜನ ಕಾಲದಲ್ಲಿ ನಿಂತ ಕೆಲವೇ ರೂಪಾಯಿಯ ಗೇಣಿ ಇಂದಿನ ಪೇಟೆಯ ನಡುವಿನ ಜಾಗಕ್ಕೆ ಸಲ್ಲುತ್ತಿರುವ ಪತ್ರಗಳನ್ನು ನೋಡಿದವರಿಗೆ ಫಾರ್ಮಿನೊಳಗೆ ಗಟ್ಟಿ ಎಂಬ ಅರ್ಥ ಯಾಕಿದೆಯೆಂದು ನಿಘಂಟು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಹಳೆಕಡತರು ‘ರೈತ’ ಎಂಬ ಪದವನ್ನು ಅಚ್ಚ ಮಣ್ಣಿನ ಪದವೆಂದು ನಂಬಿದಂತೆ ಕಾಣುತ್ತದೆ. ಅದು ಅರಬ್ಬಿಯ ‘ರಈಯತ್’. ಮೂಲದಲ್ಲಿ ಮೇಯಲು ಬಿಟ್ಟ ಮಂದೆ, ಆಮೇಲೆ ಕುರುಬನಂತೆ ಅರಸು ಕಾಯಬೇಕಾದ ಪ್ರಜೆ, ಪಾರಸಿಯ ಮೂಲಕ ಇಲ್ಲಿಗೆ ಬಂದು ಕಂದಾಯ ಕೊಡುವ ಪ್ರಜೆ. ಅಲ್ಲಿಯೂ ನೇಗಿಲಿಲ್ಲ. ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿಗಳ ಸೀಮೆಯಾದ ಬಾರಾಮಹಲಿನಲ್ಲಿ 1792ರಿಂದ ಕಂಪನಿಯ ಅಧಿಕಾರಿ ರೀಡ್‌ನ ಕೈಕೆಳಗೆ ಪಳಗಿ, 1799ರಲ್ಲಿ ನಮ್ಮ ಕೆನರಾಕ್ಕೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ನಡುವೆ ಫಾರ್ಮರೂ ಬೇಡ ಜಮೀನ್ದಾರನೂ ಬೇಡ, ಸರ್ಕಾರ ನೇರವಾಗಿ ಉಳುವವನೊಡನೆ ಕಂದಾಯ ಗೊತ್ತುಮಾಡಲಿ ಎಂದು ವಾದಿಸಿದವನು. ಆ ಏರ್ಪಾಟಿಗೆ ರಯತವಾರಿ ಎಂಬ ಹೆಸರು ನಿಂತಿತು. ಹಾಗಾಗಿ ನಿಮ್ಮ ಪತ್ರದ ವಾಕ್ಯದಲ್ಲಿ ಎದುರುಬದುರಾಗಿ ನಿಂತವರು ಇಬ್ಬರು ಬೇಸಾಯಗಾರರಲ್ಲ. ಕಂದಾಯ ಎತ್ತುವವನು ಒಬ್ಬ, ಕಂದಾಯ ತೆರುವವನು ಇನ್ನೊಬ್ಬ. ಕಾಲ ಕಳೆದಂತೆ ಎರಡು ಭಾಷೆಗಳಲ್ಲಿ ಆ ಎರಡು ಹೆಸರೂ ಬಂದು ನೇಗಿಲಿನ ಹಿಂದೆ ನಿಂತವು.

ಉತ್ತರ: ನಾಲೆಬಯಲು

ನಾನು ಮಂಡ್ಯದ ಕಡೆಯವನು. ಗಂಭೀರವಾದ ಚರ್ಚೆಯ ನಡುವೆ ಸಣ್ಣದೊಂದು ಟಿಪ್ಪಣಿ.

ನಮ್ಮ ಆಡುಮಾತಿನಲ್ಲಿ ‘ಫಾರಂ’ ಎಂದರೆ ಎಂದೂ ಸಾಮಾನ್ಯ ರೈತನ ಹೊಲವಲ್ಲ. ನಮ್ಮ ತಂದೆ ಗದ್ದೆಗೆ ಹೋಗುತ್ತಿದ್ದರು, ತೋಟಕ್ಕೆ ಹೋಗುತ್ತಿದ್ದರು, ಫಾರಂಗೆ ಹೋದದ್ದು ಬಿತ್ತನೆ ಬೀಜ ತರುವುದಕ್ಕೆ ಮಾತ್ರ. ವಿಶ್ವೇಶ್ವರಯ್ಯ ನಾಲೆಯ ಹೆಸರಿನ ವಿ.ಸಿ. ಫಾರಂ ಇಂದು ಊರಿನ ಹೆಸರಿನಷ್ಟೇ ಸಹಜವಾಗಿದೆ. ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದದ್ದು ಅಲ್ಲಿಯೇ. ಹೀಗೆ ಸರ್ಕಾರದ ಪ್ರಯೋಗದ ತಾಕು ಮೊದಲ ಅರ್ಥವಾಯಿತು. ಆಮೇಲೆ ಬಂದದ್ದು ಕೋಳಿ ಫಾರಂ. ‘ಫಾರಂ ಕೋಳಿ’ ಎಂದೊಡನೆ ನಾಟಿ ಕೋಳಿಯ ಎದುರು ಅದರ ಮರ್ಯಾದೆ ಎಷ್ಟೆಂದು ಯಾರಿಗೂ ಹೇಳಬೇಕಾಗಿಲ್ಲ. ಓಡಿಯಾಡದೆ ಬೆಳೆದ ಮಕ್ಕಳಿಗೂ ಆ ಹೆಸರು ಹತ್ತಿದೆ. ಇತ್ತೀಚಿನದು ಬೆಂಗಳೂರಿನವರ ಫಾರ್ಮ್‌ಹೌಸ್. ಅಲ್ಲಿ ಬೆಳೆಯುವುದು ಮುಖ್ಯವಾಗಿ ಹುಲ್ಲುಹಾಸು. ಇಂಗ್ಲಿಷಿನಲ್ಲಿ ಫಾರ್ಮ್ ಎಂದಾಗ ಕೆಂಪು ಕೊಟ್ಟಿಗೆ, ಹಸು, ಬೆಳಗಿನ ಹಾಲು ಎಂಬ ಬೆಚ್ಚನೆಯ ಚಿತ್ರವೊಂದು ಮೂಡುತ್ತದೆಯಂತೆ. ಕನ್ನಡದ ಫಾರಂನಲ್ಲಿ ಆ ಬೆಚ್ಚಗಿಲ್ಲ. ಅದು ನಮ್ಮಲ್ಲಿ ‘ತೋಟದ ಮನೆ’ಗೆ ಸೇರಿದ್ದು. ಜೊತೆಗೆ ತುಂಬುವ ಫಾರಂ, ಆಟಗಾರ ಕಳೆದುಕೊಳ್ಳುವ ಫಾರಂ ಎಲ್ಲವೂ ನಮ್ಮ ನಾಲಿಗೆಯಲ್ಲಿ ಒಂದೇ. ಅವು ‘ಫೊರ್ಮ’ ಎಂಬ ಬೇರೆ ಲ್ಯಾಟಿನ್ ಪದದ ಮಕ್ಕಳು. ಕ್ರಿಕೆಟ್ಟಿನಲ್ಲಿ ಕೊನೆಯ ಬ್ಯಾಟುಗಾರನನ್ನು ಕಾಪಾಡಲು ಮೇಲಿನವನು ಓವರಿನ ಕೊನೆಯ ಚೆಂಡಿಗೆ ಒಂದು ರನ್ನು ಕದ್ದು ತಾನೇ ಎದುರಿಸುವುದಕ್ಕೂ ‘ಫಾರ್ಮ್’ ಎನ್ನುತ್ತಾರೆ. ಹೆಚ್ಚಿನದನ್ನು ತನ್ನ ಕೈಯಲ್ಲಿಟ್ಟುಕೊಳ್ಳುವ ಈ ಫಾರ್ಮಿಂಗ್ ನಿಮ್ಮ ಬಂಗಾಳದ ಮಹಾಶಯನದ್ದಕ್ಕೆ ತೀರ ದೂರವಿಲ್ಲ ಎನಿಸುತ್ತದೆ.

ಪ್ರತಿಕ್ರಿಯೆ: ಹಳೆಕಡತ

ಎಲ್ಲರಿಗೂ ಕೃತಜ್ಞತೆಗಳು. ಅರ್ಥ ತಿಳಿಯಾಯಿತು, ಆದರೆ ಪದದ ಆಯ್ಕೆ ಇನ್ನೂ ಉಳಿದಿದೆ. ‘ಮೂಲಗೇಣಿದಾರ’ ಇಲ್ಲಿ ಹೊಂದದು. ಅವನಿಗೆ ಶಾಶ್ವತ ಹಕ್ಕು, ಇವನಿಗೆ ಐದೇ ವರ್ಷ. ಗುತ್ತಿಗೆ ಹಿಡಿದವನೆಂಬ ಅರ್ಥದ ‘ಇಜಾರದಾರ’ ಎಂಬುದು ಆ ಕಾಲದ್ದೇ ಪದ, ಬಂಗಾಳದಲ್ಲಿಯೂ ಬಳಕೆಯಲ್ಲಿತ್ತು. ಆದರೆ ಇಂದಿನ ಓದುಗರಲ್ಲಿ ಹತ್ತು ಮಂದಿಯಲ್ಲಿ ಎಂಟು ಮಂದಿಗೆ ಅದು ತಿಳಿಯಲಾರದು. ‘ಗುತ್ತಿಗೆದಾರ’ ಎಂದರೆ ರಸ್ತೆಗೆ ಡಾಂಬರು ಹಾಕಿಸುವವನು ಕಣ್ಣೆದುರು ಬರುತ್ತಾನೆ. ಯಾವುದನ್ನು ಹಿಡಿಯಲಿ?

ಉತ್ತರ: ಶಬ್ದಮೂಲ

ನನ್ನ ಮತ ಇಜಾರದಾರನಿಗೆ. ಓದುಗನಿಗೆ ತಿಳಿಯದಿದ್ದರೆ ಮೊದಲ ಸಲ ಬಂದಲ್ಲಿ ಅರ್ಧ ಸಾಲು ವಿವರಿಸಿ. ಕಾಲದ ವಾಸನೆಯಿರುವ ಪದವನ್ನು ತೊಳೆದು ಇಡುವುದು ಅನುವಾದಕನ ಕೆಲಸವಲ್ಲ.

ಉತ್ತರ: ಸಂತೆಕಟ್ಟೆ

ಶಬ್ದಮೂಲರ ಮೇಲಿನ ಗೌರವವನ್ನಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಗುತ್ತಿಗೆದಾರ ಎಂದರೆ ಡಾಂಬರಿನವನು ಮಾತ್ರ ಎಂಬುದು ಪೇಟೆಯವರ ಕಲ್ಪನೆ. ಗುತ್ತಿಗೆಯಲ್ಲಿ ಎರಡು ಬಗೆಯಿದೆ. ಸರ್ಕಾರದಿಂದ ಹಣ ಪಡೆದು ಕೆಲಸ ಮಾಡಿಕೊಡುವುದು ಒಂದು. ಸರ್ಕಾರಕ್ಕೆ ಹಣ ಕಟ್ಟಿ ವಸೂಲಿಯ ಹಕ್ಕು ಪಡೆಯುವುದು ಇನ್ನೊಂದು. ನಿಮ್ಮ ಫಾರ್ಮರನು ಎರಡನೆಯ ಬಗೆಯವನು. ಅವನು ಎಲ್ಲಿಯೂ ಹೋಗಿಲ್ಲ.

ನಮ್ಮ ಹೋಬಳಿಯ ವಾರದ ಸಂತೆಯನ್ನೇ ನೋಡಿ. ಸಂತೆ ಸುಂಕವನ್ನು ಪಂಚಾಯಿತಿಯವರು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹೆಚ್ಚು ಕೂಗಿದವನು ಆ ಮೊತ್ತವನ್ನು ಕಟ್ಟುತ್ತಾನೆ, ವಾರವಾರವೂ ಚೀಟಿ ಪುಸ್ತಕ ಹಿಡಿದ ಇಬ್ಬರು ಹುಡುಗರನ್ನು ಸಂತೆಗೆ ಬಿಡುತ್ತಾನೆ, ಅವರು ಸೊಪ್ಪಿನ ಗಂಟಿಗಿಷ್ಟು, ಟೊಮೆಟೊ ಕ್ರೇಟಿಗಿಷ್ಟು ಎಂದು ಎತ್ತುತ್ತಾರೆ. ಪಂಚಾಯಿತಿಯ ಬೋರ್ಡಿನಲ್ಲಿ ಬರೆದ ದರಕ್ಕೂ ಹುಡುಗರು ಕೇಳುವ ದರಕ್ಕೂ ಎಷ್ಟು ಅಂತರವೆಂದು ಸೊಪ್ಪು ಮಾರುವ ಅಜ್ಜಿಯನ್ನು ಕೇಳಬೇಕು. ಮಳೆ ಬಂದು ನಾಲ್ಕು ವಾರ ಸಂತೆ ಕೂಡದಿದ್ದರೆ ನಷ್ಟ ಅವನದು. ಅದನ್ನು ಅವನು ಐದನೆಯ ವಾರ ಯಾರಿಂದ ತುಂಬಿಸಿಕೊಳ್ಳುತ್ತಾನೆಂಬುದೂ ಎಲ್ಲರಿಗೂ ಗೊತ್ತು. ಕೆರೆಯ ಮೀನು, ರಸ್ತೆಬದಿಯ ಹುಣಸೆಮರದ ಫಸಲು, ಜಾತ್ರೆಯ ತೆಂಗಿನಕಾಯಿ ಚೂರು ಹೀಗೆ ಹರಾಜಿನಲ್ಲಿ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಇನ್ನು ಸಾರಾಯಿ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಲ್ಲುವವರೆಗೂ ಅದರ ಮಾರಾಟದ ಹಕ್ಕು ಹರಾಜಿನಲ್ಲಿ ಹೋಗುತ್ತಿತ್ತು, ಹಿಡಿದವನನ್ನು ನಾವು ಸಾರಾಯಿ ಗುತ್ತಿಗೆದಾರ ಎಂದೇ ಕರೆಯುತ್ತಿದ್ದೆವು. ಬ್ರಿಟಿಷರ ಕಾಲದ ಇಂಗ್ಲಿಷಿನಲ್ಲಿ ಈ ಏರ್ಪಾಟಿನ ಹೆಸರು ‘ಅರಾಕ್ ಫಾರ್ಮ್’. ಸಿಂಗಪುರ, ಪಿನಾಂಗುಗಳಲ್ಲಿ ‘ಅಫೀಮು ಫಾರ್ಮ್’ ಎಂಬುದೂ ಇತ್ತು, ಅದು ಗಸಗಸೆ ಬೆಳೆಯುವ ಹೊಲವಲ್ಲ.

ಕನ್ನಡ ಬೈಬಲಿನ ಅನುವಾದಕರಿಗೂ ಇದೇ ಕಷ್ಟ ಎದುರಾಗಿತ್ತು. ರೋಮಿನವರು ತೆರಿಗೆಯನ್ನು ಗುತ್ತಿಗೆಗೆ ಕೊಡುತ್ತಿದ್ದರು. ಆ ವಸೂಲಿಯಲ್ಲಿ ತೊಡಗಿ ಜನರ ಹಗೆಗೆ ಗುರಿಯಾದವರನ್ನು ಈ ಅನುವಾದಕರು ‘ಸುಂಕದವರು’ ಎಂದು ಕರೆದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯಿರುವ ನಾಡಿನಲ್ಲಿ ಆ ಪದಕ್ಕೆ ವಿವರಣೆ ಬೇಕಾಗಲಿಲ್ಲ. ನೀವೂ ಹಾಗೆಯೇ ಮಾಡಿ. ಕಂದಾಯ ಎಂಬ ಒಂದು ಪದವನ್ನು ಮುಂದೆ ಸೇರಿಸಿದರೆ ಡಾಂಬರಿನವನು ತಾನಾಗಿ ಹಿಂದೆ ಸರಿಯುತ್ತಾನೆ.

ಪ್ರತಿಕ್ರಿಯೆ: ಹಳೆಕಡತ

ಸಂತೆಯ ಹುಡುಗರ ಚಿತ್ರ ನನ್ನ ಗೊಂದಲವನ್ನು ಕಳೆಯಿತು. ಶಬ್ದಮೂಲರ ಮಾತನ್ನು ಪೂರ್ತಿ ಬಿಡದೆ, ಮೂಲದಲ್ಲಿ ಪಾರಸಿಯ ಪದವೇ ಬಂದಿರುವ ಕಡೆಗಳಲ್ಲಿ ‘ಇಜಾರದಾರ’ ಎಂದು ಇಟ್ಟುಕೊಳ್ಳುತ್ತೇನೆ. ‘ಫಾರ್ಮರ್’ ಎಂದು ಇಂಗ್ಲಿಷಿನಲ್ಲಿ ಇರುವ ಕಡೆಗಳಲ್ಲಿ ‘ಕಂದಾಯದ ಗುತ್ತಿಗೆದಾರ’. ‘ರಯತ’ ಎಂಬುದನ್ನು ‘ರೈತ’ ಎಂದು ತಿದ್ದದೆ ಹಾಗೆಯೇ ಬಿಡುವುದು ಒಳಿತೆಂದು ಗೇಣಿಚೀಟಿಯವರ ಬರಹ ಓದಿದ ಮೇಲೆ ಅನಿಸಿತು. ತಿದ್ದಿದ ವಾಕ್ಯ ಹೀಗಿದೆ: ‘ಈ ಜಿಲ್ಲೆಯ ಕಂದಾಯದ ಗುತ್ತಿಗೆದಾರನು ಗೊತ್ತಾದದ್ದಕ್ಕಿಂತ ಹೆಚ್ಚನ್ನು ರಯತರಿಂದ ಎತ್ತುತ್ತಿರುವುದರಿಂದ ಅವರು ಒಕ್ಕಲು ಕಿತ್ತು ಹೋಗುತ್ತಿದ್ದಾರೆ.’ ಕೊನೆಯ ಮೂರು ಪದಗಳ ಋಣ ಕಮತದವರದು. ನನ್ನ ಕರಡಿನಲ್ಲಿ ‘ವಲಸೆ ಹೋಗುತ್ತಿದ್ದಾರೆ’ ಎಂದಿತ್ತು.